ಹಳದಿ ಗುರುತಿನ ರಾಯರು

ಅವರು ಹೋದ ಸುದ್ದಿ ನನಗೆ ವಾಟ್ಸಾಪಿನಲ್ಲಿ ಬಂತು. ನಾನು ನಂಬಲಿಲ್ಲ. ಒಂದು ದೀಪದ ಚಿತ್ರ, ಕೆಳಗೆ ಅವರ ಹೆಸರು. ಇಷ್ಟನ್ನು ಯಾರು ಬೇಕಾದರೂ ಕಳಿಸಬಹುದು. ಮೊದಲು ಹಳೆಯ ಆಫೀಸಿನವರೊಬ್ಬರಿಗೆ ಫೋನ್ ಮಾಡಿದೆ. ಆಮೇಲೆ ಡೊಂಬಿವಿಲಿಯ ಅವರ ಮನೆಗೇ ಮಾಡಿದೆ. ಅತ್ತ ಕಡೆಯಿಂದ ಅವರ ಹೆಂಡತಿಯ ಧ್ವನಿ ಕೇಳಿದ ಮೇಲೆ ನಂಬಿದೆ. ನನ್ನ ಜಾಗದಲ್ಲಿ ಅವರಿದ್ದಿದ್ದರೆ ಅಷ್ಟಕ್ಕೂ ಒಪ್ಪುತ್ತಿರಲಿಲ್ಲ, ಖುದ್ದಾಗಿ ಹೋಗಿ ನೋಡಿಕೊಂಡು ಬರುತ್ತಿದ್ದರು.

ಆಫೀಸಿನಲ್ಲಿದ್ದ ನಾಲ್ಕಾರು ಕನ್ನಡಿಗರು ಅವರನ್ನು ರಾಯರು ಅನ್ನುತ್ತಿದ್ದೆವು. ಅದು ಮರ್ಯಾದೆಗೆ ಇಟ್ಟದ್ದು, ನಿಜವಾದ ಹೆಸರು ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೊರಿಯರ್ ತಂದವನಿಗೂ ಪೂರ್ತಿ ಹೆಸರು ಹೇಳದ ಮನುಷ್ಯ ಅವರು. "ಹೆಸರು ಒಮ್ಮೆ ಕೊಟ್ರೆ ಮುಗೀತು ಮಾರಾಯ್ರೆ. ಮತ್ತೆ ಅದು ಎಲ್ಲೆಲ್ಲಿ ತಿರುಗ್ತದೆ ಅಂತ ನಮಗೆ ಎಂತ ಗೊತ್ತು?" ಅನ್ನುತ್ತಿದ್ದರು. ಸತ್ತ ಮೇಲೆ ಆ ಮಾತು ಮೀರುವುದು ಸರಿಯಲ್ಲ.

ಥಾಣೆ-ಬೇಲಾಪುರ ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಷನ್ ವಿಭಾಗ, ನಾನು ಪರ್ಚೇಸ್. ಅಂದರೆ ಹುಟ್ಟಿನಿಂದಲೇ ಹಾವು ಮುಂಗುಸಿ. ನಾನು ತರಿಸಿದ್ದರಲ್ಲಿ ಹುಳುಕು ಹುಡುಕುವುದಕ್ಕೇ ಅವರಿಗೆ ಸಂಬಳ. ನಾನು ಸೇರಿದ ಹೊಸದರಲ್ಲಿ, ಊರಿಗೆ ಹೋಗಿ ಬಂದವನು ಎಲ್ಲರಿಗೂ ಪೇಡೆ ಹಂಚುತ್ತಾ ಅವರ ಮೇಜಿನ ಹತ್ತಿರ ಹೋದೆ. ಒಂದನ್ನು ತೆಗೆದುಕೊಂಡು ಮುರಿದರು, ಮೂಸಿದರು.

"ಇದು ಧಾರವಾಡದ್ದೇ ಅಂತ ಹೇಗೆ ನಂಬುದು?"

"ನಾನ ಧಾರವಾಡದಾಂವ ಅದೇನಲ್ರಿ" ಅಂದೆ.

"ಅದನ್ನೂ ನೀವೇ ಹೇಳುದಲ್ವಾ" ಅಂದು ಪೇಡೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ತಿಂದರು. "ಒಳ್ಳೇದುಂಟು. ಆದ್ರೆ ಪೇಡೆ ತಿಂದೆ ಅಂತ ನಿಮ್ಮ ಮಾಲು ಪಾಸ್ ಮಾಡ್ತೇನೆ ಅಂತ ಎಣಿಸ್ಬೇಡಿ." ಅದೇ ಮಧ್ಯಾಹ್ನ ನಾನು ತರಿಸಿದ್ದ ಇಡೀ ಒಂದು ಪೆಟ್ಟಿಗೆ ಗ್ಯಾಸ್ಕೆಟ್ಟು ವಾಪಸ್ಸಾಯಿತು. ಅಂದಿನಿಂದ ಅವರಿಗೆ ನಾನು 'ಧಾರವಾಡದವರು'.

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಹಳದಿ ಬಣ್ಣದ ಒಂದು ಮಾರ್ಕರ್ ಯಾವಾಗಲೂ ಇರುತ್ತಿತ್ತು. ಕಾರ್ಖಾನೆಯ ಪೈಪುಗಳ ಬೋಲ್ಟುಗಳನ್ನು ಬಿಗಿ ಮಾಡಿಸಿ, ತಾವು ಕೈಯಾರೆ ನೋಡಿ ಒಪ್ಪಿದ ಮೇಲೆ, ನಟ್ಟಿನಿಂದ ಪೈಪಿನ ತನಕ ಅದರಿಂದ ಒಂದು ಗೆರೆ ಎಳೆಯುತ್ತಿದ್ದರು. ನಟ್ಟು ಸ್ವಲ್ಪ ಅಲುಗಿದರೂ ಗೆರೆ ತುಂಡಾಗುತ್ತದೆ, ದೂರದಿಂದಲೇ ಕಾಣುತ್ತದೆ. ಇದು ಎಲ್ಲ ಕಾರ್ಖಾನೆಯಲ್ಲೂ ಇರುವ ಪದ್ಧತಿಯೇ. ರಾಯರು ಮಾತ್ರ ಅದನ್ನು ಗೇಟಿನಿಂದಾಚೆಗೂ ಒಯ್ದರು. ಊಟದ ಡಬ್ಬಿಯ ಮುಚ್ಚಳಕ್ಕೆ ಗೆರೆ. ಗ್ಯಾಸ್ ಸಿಲಿಂಡರಿಗೆ ಗೆರೆ. ವಸತಿ ಸೊಸೈಟಿಯ ನೀರಿನ ವಾಲ್ವಿಗೆ ಗೆರೆ. ಮನೆಯ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಗೂ ಗೆರೆ ಎಳೆದಿದ್ದರಂತೆ. ಒಂದು ದಿನ ಆ ಗೆರೆ ತಪ್ಪಿ, ಮನೆಯಲ್ಲಿ ದೊಡ್ಡ ಪಂಚಾಯಿತಿಯಾಗಿ, ಕೊನೆಗೆ ಭರಣಿಗೆ ಕೈ ಹಾಕಿದ್ದು ತಾವೇ ಎಂದು ನೆನಪಾಯಿತಂತೆ. ಇದನ್ನು ನನಗೆ ಹೇಳಿದ್ದು ಅವರೇ, ನಗದೆ.

ಲೋಕಲ್ ರೈಲು ಎಲ್ಲಿಗೆ ಹೋಗುತ್ತದೆಂದು ತೋರಿಸುವ ಇಂಡಿಕೇಟರನ್ನೂ ಅವರು ನಂಬುತ್ತಿರಲಿಲ್ಲ. ಅರ್ಧ ಆಯುಷ್ಯ ಡೊಂಬಿವಿಲಿಯಿಂದ ಓಡಾಡಿದವರು, ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು, "ಬದಲಾಪುರ ಅಂತ ತೋರಿಸ್ತದೆ. ಡೊಂಬಿವಿಲಿಯಲ್ಲಿ ನಿಲ್ತದಾ?" ಎಂದು ಪಕ್ಕದವನನ್ನು ಕೇಳುವರು. ಅವನು ಹೌದೆಂದರೆ ಇನ್ನೊಬ್ಬನನ್ನು ಕೇಳುವರು. ಅನುಮಾನ ತೀರುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದೆವು. ಅನುಮಾನ ಸುಳ್ಳಾದ ಸಂದರ್ಭಗಳೇ ಹೆಚ್ಚು. ಕ್ಯಾಂಟೀನಿನವನು ಮಜ್ಜಿಗೆಗೆ ನೀರು ಸುರಿಯುತ್ತಾನೆಂದು ಎಲ್ಲರೆದುರು ಅಂದುಬಿಟ್ಟರು ಒಮ್ಮೆ. ಅವನು ಇವರನ್ನೇ ಕರೆದು ನಿಲ್ಲಿಸಿಕೊಂಡು ಮೊಸರು ಕಡೆದು ತೋರಿಸಿದ. ರಾಯರು ಕ್ಷಮೆ ಕೇಳಲಿಲ್ಲ. ಮರುದಿನದಿಂದ ಒಂದು ಲೋಟದ ಬದಲು ಎರಡು ಲೋಟ ಕುಡಿಯತೊಡಗಿದರು. ಕ್ಯಾಂಟೀನಿನವನಿಗೆ ಅಷ್ಟರಲ್ಲೇ ತಿಳಿಯಿತು.

ಈ ಅನುಮಾನದ ಬೇರು ಎಲ್ಲಿಯದು ಎಂದು ಒಂದು ಸಂಜೆ ಗಾಡಿಯಲ್ಲಿ ಕೇಳಿದೆ. ಅವರ ತಂದೆ ಉಡುಪಿ ಕಡೆಯಿಂದ ಬಂದು ಕಲ್ಯಾಣದ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದರು. "ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಎಲ್ಲದರ ಮೊದಲ ತಟ್ಟೆ ಅಪ್ಪನದ್ದು. ಇಡ್ಲಿ, ಸಾಂಬಾರು, ಚಟ್ನಿ ಎಲ್ಲ ತಿಂದು ಸ್ವಲ್ಪ ಹೊತ್ತು ಕೂತುಕೊಳ್ಳುದು. ಹೊಟ್ಟೆ ಕೆಡುದಾದ್ರೆ ಮೊದಲು ನಂದು ಕೆಡ್ಲಿ ಅಂತ. ಮತ್ತೆ ಗಿರಾಕಿಗೆ" ಅಂದರು. ನಾನು ಅದನ್ನು ಹೋಟೆಲಿನವರ ಒಂದು ಪದ್ಧತಿ ಅಂದುಕೊಂಡು ಕೇಳಿ ಮರೆತೆ.

ಸೈಕಲ್ಲು ನಮ್ಮಿಬ್ಬರನ್ನು ಹತ್ತಿರ ತಂದಿತು. ಡಾಕ್ಟರು ಅವರಿಗೆ ಸಕ್ಕರೆ ಕಾಯಿಲೆ ಎಂದಿದ್ದರು. ಡಾಕ್ಟರ ಮೇಲೆ ಅನುಮಾನವಿದ್ದರೂ ರಾಯರು ಅಲ್ಯೂಮಿನಿಯಂ ಚೌಕಟ್ಟಿನ ಒಂದು ಹಳೆಯ ರೋಡ್ ಬೈಕ್ ಕೊಂಡು, ಭಾಗ ಭಾಗ ಬಿಚ್ಚಿ ಮತ್ತೆ ಜೋಡಿಸಿ, ಆಮೇಲೆ ಹತ್ತಿದರು. ನನಗೂ ಆಗ ನಡುವಯಸ್ಸಿನ ಹುಚ್ಚು. ಭಾನುವಾರ ಬೆಳಿಗ್ಗೆ ನಾನು ಥಾಣೆಯ ನೌಪಾಡಾದ ನನ್ನ ಮನೆಯಿಂದ, ಅವರು ಡೊಂಬಿವಿಲಿಯಿಂದ ಶಿಳ್‌ಫಾಟಾ ಮೇಲೆ ಹಾದು, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಸೇರುತ್ತಿದ್ದೆವು. ಹತ್ತಾರು ಜನರ ಗುಂಪು. ನನ್ನ ಸೈಕಲ್ಲಿನ ಬೋಲ್ಟುಗಳ ಮೇಲೂ ಕ್ರಮೇಣ ಹಳದಿ ಗೆರೆಗಳು ಮೂಡಿದವು.

ನನಗೆ ಕಾರ್ಬನ್ ಹ್ಯಾಂಡಲ್ಲಿನ ಆಸೆ ಹುಟ್ಟಿದ್ದು ಆ ಗುಂಪಿನಲ್ಲೇ. ಸಾಧಾರಣ ರೋಡ್ ಬೈಕಿನಲ್ಲಿ ಹ್ಯಾಂಡಲ್ ಬೇರೆ, ಅದನ್ನು ಹಿಡಿದು ಮುಂದಕ್ಕೆ ಚಾಚುವ ಸ್ಟೆಮ್ ಬೇರೆ. ಹೊಂದದಿದ್ದರೆ ಒಂದನ್ನು ಬದಲಿಸಬಹುದು. ನಾನು ಬಯಸಿದ್ದು ಎರಡೂ ಒಂದೇ ತುಂಡಾಗಿ ಎರಕವಾದಂಥದ್ದು. ಬ್ರೇಕು, ಗೇರಿನ ತಂತಿಗಳೆಲ್ಲ ಅದರ ಹೊಟ್ಟೆಯೊಳಗಿಂದ ಹೋಗುತ್ತವೆ, ಹೊರಗೆ ಒಂದೂ ಕಾಣುವುದಿಲ್ಲ. ಕಪ್ಪಗೆ, ನಯವಾಗಿ, ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. ನನಗೆ ಅದರ ಅಗತ್ಯವಿರಲಿಲ್ಲ. ಮೋಹ, ಅಷ್ಟೇ.

"ಒಂದೇ ತುಂಡು ಅಂದ್ರೆ ಮದುವೆ ಇದ್ದ ಹಾಗೆ" ಅಂದರು ರಾಯರು. "ತಂದ ಮೇಲೆ ಕೈ ಉದ್ದವಾಯ್ತು, ಕುತ್ತಿಗೆ ಮೋಟಾಯ್ತು ಅಂತ ದೂರುವ ಹಾಗಿಲ್ಲ."

ಅದಕ್ಕಾಗಿ ಮೊದಲು ನನ್ನನ್ನೇ ಅಳೆದರು. ಅವರ ಮನೆಯ ಪಡಸಾಲೆಯಲ್ಲಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಮೇಲೆ ಕೂರಿಸಿ, ಭುಜದ ಅಗಲ ನೋಡಿದರು, ಮೊಣಕೈ ಬಗ್ಗಿಸಿ ನೋಡಿದರು. ತಮ್ಮ ಹತ್ತಿರವಿದ್ದ ಗಿಡ್ಡ, ಉದ್ದ ಸ್ಟೆಮ್ಮುಗಳನ್ನು ಒಂದೊಂದಾಗಿ ಹಾಕಿಕೊಟ್ಟು, ಒಂದೊಂದು ಭಾನುವಾರ ಓಡಿಸಿ ಬರಲು ಹೇಳಿದರು. ಬೆನ್ನು ನೋಯಲಿಲ್ಲ ಎಂದರೆ, "ನಿಜವಾ? ಆಸೆಗೆ ಹೇಳುದಾ?" ಎಂದು ನನ್ನ ಹೆಂಡತಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಕೊನೆಗೆ ಅಳತೆ ಗಟ್ಟಿಯಾಯಿತು. ಗುಂಪಿನ ಪರಿಚಯದವರೊಬ್ಬರ ಮೂಲಕ ಹ್ಯಾಂಡಲ್ ಬಂತು. ಚೆಂದದ ಪೆಟ್ಟಿಗೆ, ಮೇಲೆ ಮಿನುಗುವ ಹಾಲೋಗ್ರಾಮ್.

ಆ ಹಾಲೋಗ್ರಾಮ್ ಕಂಡದ್ದೇ ರಾಯರ ಮುಖ ಗಂಟಾಯಿತು. "ಅಸಲಿಗೆ ಇಷ್ಟು ಅಲಂಕಾರ ಯಾಕೆ?" ಅಂದರು. ನಾಣ್ಯದಿಂದ ಉದ್ದಕ್ಕೂ ತಟ್ಟಿ ಕೇಳಿದರು.

"ಏನ ತಿಳೀತ್ರಿ?"

"ಎಂತದ್ದೂ ಇಲ್ಲ. ತಟ್ಟುದು ನನ್ನ ಸಮಾಧಾನಕ್ಕೆ. ಕಬ್ಬಿಣ ಆದ್ರೆ ಮುರಿಯುವ ಮೊದಲು ಬಗ್ಗಿ ಹೇಳ್ತದೆ. ಇದು ಹೇಳೂದಿಲ್ಲ ಮಾರಾಯ್ರೆ. ಚೆಂದ ಇರ್ತದೆ, ಚೆಂದ ಇರ್ತದೆ, ಒಂದು ದಿನ ಇಳಿಜಾರಿನಲ್ಲಿ ಕೈಯಲ್ಲೇ ಎರಡು ತುಂಡು. ಮತ್ತೆ ನಿಮ್ಮ ಹಲ್ಲು ಡಾಮರಿಗೆ." ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟರು. "ಒಂದು ವಾರ ಇಲ್ಲೇ ಇರ್ಲಿ. ನಾನು ನೋಡಿ ಕೂರಿಸಿ ಕೊಡ್ತೇನೆ."

ಇಲ್ಲಿ ಒಂದು ಮಾತು ಹೇಳಬೇಕು. ಯಾವುದೇ ವಸ್ತುವನ್ನು ರಿಪೇರಿಗೆ ಬಿಟ್ಟು ಬರುವಾಗ, ಯಾರಿಗೂ ಕಾಣದ ಕಡೆ ಒಂದು ಗುರುತು ಮಾಡಿ ಬಿಡಬೇಕು, ಅದಲುಬದಲು ಮಾಡಿದರೆ ತಿಳಿಯುತ್ತದೆ ಎಂಬುದು ರಾಯರ ಪಾಠ. ಮಿಕ್ಸರಿರಲಿ, ಗಡಿಯಾರವಿರಲಿ, ನಾನು ಅದನ್ನು ಪಾಲಿಸುತ್ತಿದ್ದೆ. ಹ್ಯಾಂಡಲ್ ಅವರ ಮನೆಗೆ ಒಯ್ಯುವ ಮೊದಲೂ ಅಭ್ಯಾಸಬಲದಿಂದ ಪಾಲಿಸಿದ್ದೆ. ತಂತಿ ಒಳಹೋಗುವ ರಂಧ್ರದ ಒಳಂಚಿನಲ್ಲಿ ನನ್ನ ಹೆಂಡತಿಯ ಕುಂಕುಮಗೆಂಪು ನೇಲ್ ಪಾಲಿಶಿನ ಒಂದು ಚುಕ್ಕೆ. ಸೈಕಲ್ಲಿಗೆ ಕೂರಿಸಿದ ಮೇಲೆ ಅದು ಕಾಣುವುದಿಲ್ಲ.

ಒಂದು ವಾರ ಕಳೆಯಿತು. "ಮುಗೀತೇನ್ರಿ ರಾಯರ?" ಎಂದರೆ, "ಇಲ್ಲ, ಸ್ವಲ್ಪ ಕೆಲಸ ಉಂಟು" ಅಂದರು. ಇನ್ನೊಂದು ವಾರವೂ ಹೋಯಿತು. ಮಳೆಗಾಲ ಹಿಡಿದಿತ್ತು. ರಾಯರು ಭಾನುವಾರ ಪಾಮ್ ಬೀಚಿಗೆ ಬರುವುದನ್ನೇ ಬಿಟ್ಟರು. ಆಫೀಸಿನಲ್ಲಿ ನಾನು ಹ್ಯಾಂಡಲ್ ಎಂದ ಕೂಡಲೇ ಅವರಿಗೆ ಯಾವುದೋ ಪೈಪಿನ ನೆನಪಾಗುತ್ತಿತ್ತು. ಹೀಗಿರುವಾಗ ಗುಂಪಿನ ಕಲ್ಯಾಣದ ಗೆಳೆಯನೊಬ್ಬ, "ನಿಮ್ಮ ರಾಯರು ಯಾವಾಗ ಕಾರ್ಬನ್ ಹ್ಯಾಂಡಲ್ ಹಾಕಿಸಿದರು? ಕಲ್ಯಾಣ-ಶಿಳ್ ರಸ್ತೆಯಲ್ಲಿ ನೋಡಿದೆ, ಒಳ್ಳೇ ಕರಿ ಹೊಳಪು" ಅಂದ.

ಜಗತ್ತನ್ನೆಲ್ಲ ಅನುಮಾನಿಸಲು ಕಲಿಸಿದವರನ್ನು ಮಾತ್ರ ನಾನು ಅನುಮಾನಿಸಿರಲಿಲ್ಲ. ಈಗ ಶುರುವಾದದ್ದು ನಿಲ್ಲಲಿಲ್ಲ. ನನ್ನದನ್ನು ತಾವು ಇಟ್ಟುಕೊಂಡು, ಅದೇ ಅಚ್ಚಿನ ನಕಲಿಯೊಂದನ್ನು ನನಗೆ ಹಾಕಿಕೊಟ್ಟರೆ? ನಕಲಿ ಎಲ್ಲಿ ಸಿಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೆಟ್ಟಿಗೆ ನೋಡಿದ ದಿನವೇ ಅವರು ಅದನ್ನು ನಕಲಿ ಮಾಲು ಎಂಬಂತೆ ಮಾತಾಡಿದ್ದು, ನಾಳೆ ಮುರಿದರೆ ಹೇಳಲು ಒಂದು ನೆಪವಿರಲಿ ಎಂದೇ ಅಲ್ಲವೇ? ಅವರ ಪಾಠಗಳೆಲ್ಲ ಅವರ ಮೇಲೇ ತಿರುಗಿದವು.

ಒಂದು ಶನಿವಾರ ಬೆಳಿಗ್ಗೆ ಹೇಳದೆ ಕೇಳದೆ ಡೊಂಬಿವಿಲಿಗೆ ಹೋದೆ. ಬಾಗಿಲು ತೆರೆದವರು ರಾಯರೇ. ಮೊಣಕಾಲ ತನಕ ಕೆಸರು. ಹಿಂದೆ ಬಾಲ್ಕನಿಯಲ್ಲಿ ಸೈಕಲ್ಲಿಗೆ ಹಳೆಯ ಬೆಡ್‌ಶೀಟು ಹೊದಿಸಿತ್ತು, ಚಕ್ರದಿಂದ ನೀರು ಇಳಿಯುತ್ತಿತ್ತು.

"ಎಂತ ಧಾರವಾಡದವರೇ, ಫೋನ್ ಮಾಡದೆ?"

"ಹಿಂಗ ಈ ಕಡೆ ಬಂದಿದ್ದೆ. ಹ್ಯಾಂಡಲ್ ಒಮ್ಮೆ ನೋಡೂಣಂತ."

"ಪೆಟ್ಟಿಗೆಯಲ್ಲಿ ಉಂಟು, ಪ್ಯಾಕ್ ಮಾಡಿದ್ದೇನೆ. ಕೂತುಕೊಳ್ಳಿ, ಕಾಫಿ ಕುಡಿಯಿರಿ." ಅವರು ಕೂರಲಿಲ್ಲ. ನನಗೂ ಬಾಲ್ಕನಿಗೂ ನಡುವೆ ನಿಂತೇ ಇದ್ದರು. ಅವರ ಹೆಂಡತಿ, ನಾನು ವೈನಿ ಎನ್ನುತ್ತಿದ್ದೆ, ಕಾಫಿ ತಂದಿಟ್ಟು ಗಂಡನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಏನೋ ಹೇಳಹೊರಟು ಸುಮ್ಮನಾದರು. ಅವರ ಮುಖದಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಬೆಡ್‌ಶೀಟು ಎತ್ತಿ ನೋಡುತ್ತೇನೆ ಎನ್ನುವ ಧೈರ್ಯ ನನಗಾಗಲಿಲ್ಲ. "ಬರುವ ಭಾನುವಾರ ಸೈಕಲ್ ತನ್ನಿ, ಕೂರಿಸುವಾ" ಅಂದರು ರಾಯರು.

ಭಾನುವಾರ ನಾನು ಎದುರಿಗೇ ಕುಳಿತೆ. ಹ್ಯಾಂಡಲನ್ನು ಒಮ್ಮೆ ಕೈಗೆ ತೆಗೆದುಕೊಂಡು ರಂಧ್ರದೊಳಗೆ ಇಣುಕಬೇಕೆಂದು ಕಾದೆ. ಅವರು ಬಿಟ್ಟುಕೊಡಲಿಲ್ಲ. ನಾನು ಹೋಗುವ ಮೊದಲೇ ತಂತಿಗಳನ್ನು ಅರ್ಧ ತೂರಿಸಿಟ್ಟಿದ್ದರು. ಕಾರ್ಬನ್ ಜಾರದಂತೆ ಮರಳಿನಂಥ ಪೇಸ್ಟು ಹಚ್ಚಿದರು. ಎಷ್ಟು ಬಲ ಬಿತ್ತೆಂದು ತೋರಿಸುವ ವ್ರೆಂಚನ್ನು ಬಟ್ಟೆಯಿಂದ ಬಿಡಿಸಿ, ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ, ಸ್ವಲ್ಪ ಸ್ವಲ್ಪವೇ ಬಿಗಿದರು. ಮುಂಚಕ್ರವನ್ನು ಹಿಡಿದ ಕವೆಯ ಕೊಳವೆ ಹ್ಯಾಂಡಲ್ಲಿನಿಂದ ಮೇಲಕ್ಕೆ ಒಂದಿಷ್ಟು ಉಳಿದಿತ್ತು. ಕೊಯ್ದರೆ ಅಂದ ಎಂದು ನಾನಂದೆ. "ಕೊಯ್ದದ್ದನ್ನು ಅಂಟಿಸುವ ಅಂಗಡಿ ಇಲ್ಲ. ನಿಮ್ಮ ಬೆನ್ನು ಮುಂದಿನ ವರ್ಷ ಎಂತ ಹೇಳ್ತದೋ" ಎಂದು ಬಳೆಗಳಂಥ ರಿಂಗುಗಳನ್ನು ಇಟ್ಟು ಹಾಗೇ ಬಿಟ್ಟರು.

ಅಷ್ಟರಲ್ಲಿ ಹ್ಯಾಂಡಲ್ಲಿನ ಬಾಗಿನಲ್ಲಿ ಕೂದಲೆಳೆಯಂಥ ಗೀರುಗಳು ನನಗೆ ಕಂಡವು.

"ರಾಯರ, ಇದೇನ ಗೀರು?"

"ಬರುವಾಗಲೇ ಇತ್ತು."

ಇರಲಿಲ್ಲ. ಪೆಟ್ಟಿಗೆ ತೆರೆದ ದಿನ ನಾನು ಅದನ್ನು ಅಂಗುಲ ಅಂಗುಲ ಸವರಿ ನೋಡಿದ್ದೆ. ಅವರು ತಲೆ ಎತ್ತದೆ ಬೋಲ್ಟಿಗೆ ಹಳದಿ ಗೆರೆ ಎಳೆಯುತ್ತಿದ್ದರು. ಆ ಮನುಷ್ಯನ ಸುಳ್ಳನ್ನು ನಾನು ಹಿಡಿದದ್ದು ಅದೊಂದೇ ಸಲ, ಮತ್ತು ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲೆ ನಾವು ಜಗಳವಾಡಲಿಲ್ಲ. ಭಾನುವಾರಗಳು ನಡೆದವು, ಮಜ್ಜಿಗೆ ನಡೆಯಿತು, ನನ್ನ ಮಾಲು ತಿರಸ್ಕಾರವಾಗುತ್ತಲೇ ಇತ್ತು. ಆದರೆ ಮುಂಬ್ರಾ ಬೈಪಾಸಿನ ಇಳಿಜಾರಿನಲ್ಲಿ ಸೈಕಲ್ಲು ವೇಗ ಹಿಡಿದಾಗಲೆಲ್ಲ, ನನ್ನ ಹಲ್ಲುಗಳು ನಂಬಿ ಕುಳಿತಿರುವುದು ಅಸಲಿಯನ್ನೋ ನಕಲಿಯನ್ನೋ ಎಂಬ ಪ್ರಶ್ನೆ ಏಳುತ್ತಿತ್ತು. ಬಿಚ್ಚಿಸಿ ನೋಡಬಹುದಿತ್ತು. ಬಿಚ್ಚಿದರೆ ಅವರ ಗೆರೆ ತಪ್ಪುತ್ತದೆ, ಅವರಿಗೆ ತಿಳಿದುಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಚುಕ್ಕೆ ಇಲ್ಲದಿದ್ದರೆ ಮಾಡುವುದೇನು ಎಂಬ ಹೆದರಿಕೆ. ರಾಯರನ್ನು ಕಳೆದುಕೊಳ್ಳುವುದಕ್ಕಿಂತ ಬ್ರೇಕು ಹಿಡಿದು ಇಳಿಯುವುದೇ ಮೇಲೆನಿಸಿತು. ವರ್ಷಗಟ್ಟಲೆ ಹಾಗೆಯೇ ಇಳಿದೆ. ಅವರು ನಿವೃತ್ತರಾದ ದಿನ ತಮ್ಮ ಮಾರ್ಕರನ್ನು ನನಗೆ ಕೊಟ್ಟು, "ಒಣಗಿದೆಯಾ ನೋಡಿ ತಕೊಳ್ಳಿ" ಅಂದರು. ಒಣಗಿರಲಿಲ್ಲ.

ಅವರು ಹೋದ ಮೇಲೆ ವೈನಿಯನ್ನು ಮಾತಾಡಿಸಲು ಹೋದೆ. ಎದೆನೋವು ಎಂದವರು ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತಂತೆ. ಬಾಲ್ಕನಿಯಲ್ಲಿ ಸೈಕಲ್ಲು ಹಾಗೇ ನಿಂತಿತ್ತು. ನಾನು ಅತ್ತ ನೋಡುವುದನ್ನು ವೈನಿ ನೋಡಿದರು.

"ನಿಮ್ಮ ಆ ಹ್ಯಾಂಡಲ್ ಹೇಗುಂಟು?" ಎಂದು ಕೇಳಿದರು.

"ಛಲೋ ಅದರಿ ವೈನಿ."

"ಅದಕ್ಕಾಗಿ ನನಗೂ ಅವ್ರಿಗೂ ಎಷ್ಟು ಜಗಳ ಆಗಿದೆ. ತಮ್ಮ ಸೈಕಲ್ಲಿಗೆ ಹಾಕಿಕೊಂಡು ದಿನಾ ಬೆಳಿಗ್ಗೆ ಶಿಳ್ ರಸ್ತೆಗೆ ಹೋಗುದು. ಮಳೆ, ಹೊಂಡ. ಬೇಕಂತಲೇ ಹೊಂಡಕ್ಕೆ ಇಳಿಸುದು ಮಾರಾಯ್ರೆ. ಮುರಿದ್ರೆ ಎಂತ ಮಾಡ್ತೀರಿ ಅಂತ ಕೇಳಿದ್ರೆ, ಮುರಿಯುದಾದ್ರೆ ನನ್ನ ಕೈಯಲ್ಲಿ ಮುರೀಲಿ, ಆ ಧಾರವಾಡದವನಿಗೆ ಸಣ್ಣ ಮಗು ಉಂಟು ಅಂದ್ರು. ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿಕೊಂಡಿದ್ರು. ಹೇಳಿದ್ರೆ ನೀವು ಬಿಡುದಿಲ್ಲ ಅಂತ."

ಮೊದಲ ತಟ್ಟೆ. ಕಲ್ಯಾಣದ ಹೋಟೆಲಿನಲ್ಲಿ ಅವರ ತಂದೆ ತಿಂದು ಕೂರುತ್ತಿದ್ದ ಆ ಮೊದಲ ತಟ್ಟೆ. ಗಾಡಿ ಹತ್ತಿ ಥಾಣೆಗೆ ಬರುವ ತನಕ ಕಿಟಕಿಗೆ ಮುಖ ಮಾಡಿ ಕುಳಿತಿದ್ದೆ.

ಆದರೆ ನಾನು ರಾಯರ ಶಿಷ್ಯ. ಥಾಣೆ ಬರುವಷ್ಟರಲ್ಲಿ ಆ ಮಾತಿನ ಮೇಲೂ ಅನುಮಾನ ಬಂತು. ಸತ್ತ ಗಂಡನ ಬಗ್ಗೆ ಯಾವ ಹೆಂಡತಿ ಒಳ್ಳೆಯದು ಹೇಳುವುದಿಲ್ಲ? ಈಗ ಬಿಚ್ಚಿ ನೋಡಿದರೆ ನೊಂದುಕೊಳ್ಳಲು ಅವರಿಲ್ಲ. ಚುಕ್ಕೆ ಇರದಿದ್ದರೂ ಕಳೆದುಕೊಳ್ಳಲು ಇನ್ನು ಏನೂ ಉಳಿದಿರಲಿಲ್ಲ. ಮರುವಾರ ಸೈಕಲ್ಲನ್ನು ವಾಶಿಯ ಒಂದು ಅಂಗಡಿಗೆ ಒಯ್ದು, ಹ್ಯಾಂಡಲ್ ಬಿಚ್ಚಲು ಹೇಳಿದೆ. ಬೋಲ್ಟಿನ ಮೇಲೆ ಹಳದಿ ಗೆರೆಗಳು ಕೂದಲಷ್ಟೂ ಸರಿದಿರಲಿಲ್ಲ. ಮೆಕ್ಯಾನಿಕ್ ವ್ರೆಂಚು ತಿರುಗಿಸಿದಾಗ ಅವು ಮೊದಲ ಸಲ ತುಂಡಾದವು. ಅದನ್ನು ನೋಡಲು ಕಷ್ಟವಾಯಿತು.

ಹ್ಯಾಂಡಲನ್ನು ಬೆಳಕಿಗೆ ಹಿಡಿದು ರಂಧ್ರದೊಳಗೆ ಇಣುಕಿದೆ. ನನ್ನ ಚುಕ್ಕೆ ಅಲ್ಲೇ ಇತ್ತು. ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೇ. ಅದಕ್ಕೆ ತಾಗಿಕೊಂಡು, ಅಷ್ಟೇ ಸಣ್ಣದಾಗಿ, ಒಂದು ಹಳದಿ ಗೆರೆ.

ಅವರು ನೋಡಿದ್ದರು. ನಾನು ಅವರ ಮನೆಯಲ್ಲೇ ಇಟ್ಟು ಬಂದ ಮಾಲಿಗೆ ಗುರುತು ಹಾಕಿದ್ದನ್ನು ಆ ಮಳೆಗಾಲದಲ್ಲೇ ನೋಡಿದ್ದರು. ಏನನ್ನೂ ಕೇಳದೆ, ತಾವು ನೋಡಿ ಒಪ್ಪಿದ್ದಕ್ಕೆ ಹಾಕುವ ಗುರುತನ್ನು ಅದರ ಪಕ್ಕ ಹಾಕಿ, ಒಳಗೆ ಮುಚ್ಚಿಟ್ಟು, ಮುಂದಿನ ಅಷ್ಟು ಭಾನುವಾರ ನನ್ನ ಜೊತೆ ಸೈಕಲ್ ಹೊಡೆದಿದ್ದರು. ಒಂದಲ್ಲ ಒಂದು ದಿನ ನಾನು ಬಿಚ್ಚಿ ನೋಡಿಯೇ ನೋಡುತ್ತೇನೆಂದು ಅವರಿಗೆ ಖಾತ್ರಿಯಿತ್ತು. ಜೀವಮಾನದಲ್ಲಿ ಅವರು ನಂಬಿದ್ದು ಅದೊಂದನ್ನೇ ಇರಬೇಕು. ನನಗೆ ಅಂಗಡಿಯಲ್ಲಿ, ಗಿರಾಕಿಗಳ ಎದುರೇ, ಅಳು ಬಂತು.

ಮೆಕ್ಯಾನಿಕ್ ಗಾಬರಿಯಾಗಿ ಹ್ಯಾಂಡಲ್ ತಿರುಗಿಸಿ ನೋಡಿ, "ಕ್ರ್ಯಾಕ್ ಹೈ ಕ್ಯಾ ಸಾಬ್?" ಎಂದ. ಇಲ್ಲವೆಂದೆ. ಬೇರಿಂಗು ತೊಳೆದು ಮತ್ತೆ ಕೂರಿಸಲು ಹೇಳಿದೆ. ಹೊತ್ತಾಗುತ್ತದೆ, ಸೈಕಲ್ ಬಿಟ್ಟು ಹೋಗಿ, ಸಂಜೆ ಬನ್ನಿ ಎಂದ.

"ಇಲ್ಲೇ ಕೂತಿರ್ತೇನೆ" ಅಂದೆ.

"ಭರೋಸಾ ನಹೀ ಹೈ ಕ್ಯಾ?" ಎಂದ, ತನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಸ್ವಲ್ಪ ಬೇಸರದಿಂದ.

ನಾನು ಸ್ಟೂಲನ್ನು ಅವನ ಕೈ ಕಾಣುವ ಹಾಗೆ ಎಳೆದುಕೊಂಡು ಕುಳಿತೆ. ಕೊನೆಯ ಬೋಲ್ಟು ಬಿಗಿಯಾದ ಮೇಲೆ ಜೇಬಿನಿಂದ ಮಾರ್ಕರ್ ತೆಗೆದೆ.